ಪಾಠ ಕೇಳುವ ಮೊದಲು ದಾಖಲೆ ಓದಿ

1770ರ ಮಾರ್ಚ್ 5ರ ರಾತ್ರಿ ಬಾಸ್ಟನ್ ಪಟ್ಟಣದ ಕಿಂಗ್ ಸ್ಟ್ರೀಟಿನಲ್ಲಿ ಬ್ರಿಟಿಷ್ ಸೈನಿಕರು ಜನರ ಗುಂಪಿನ ಮೇಲೆ ಗುಂಡು ಹಾರಿಸಿದರು. ಐವರು ಪ್ರಾಣ ಕಳೆದುಕೊಂಡರು. ತಿಂಗಳು ತುಂಬುವುದರೊಳಗೆ ಪಾಲ್ ರೆವೀರ್ ಎಂಬ ಬೆಳ್ಳಿ ಕೆಲಸದವನು ಆ ಘಟನೆಯನ್ನು ತಾಮ್ರದ ತಗಡಿನ ಮೇಲೆ ಕೊರೆದು, ಅಚ್ಚು ಹಾಕಿ ಮಾರಾಟಕ್ಕಿಟ್ಟ. ಚಿತ್ರದಲ್ಲಿ ಸೈನಿಕರು ಶಿಸ್ತಾಗಿ ಸಾಲುಗಟ್ಟಿ ನಿಂತು ಒಟ್ಟಿಗೇ ಗುಂಡು ಹಾರಿಸುತ್ತಿದ್ದಾರೆ. ಹಿಂದೆ ನಿಂತ ಕ್ಯಾಪ್ಟನ್ ಕತ್ತಿ ಎತ್ತಿ ಅಪ್ಪಣೆ ಕೊಡುತ್ತಿದ್ದಾನೆ. ಎದುರಿಗಿರುವ ಜನರ ಕೈಯಲ್ಲಿ ಆಯುಧವಿಲ್ಲ.

ಅದೇ ವರ್ಷ ನಡೆದ ವಿಚಾರಣೆಯ ದಾಖಲೆಯನ್ನು ತೆಗೆದು ನೋಡಿದರೆ ಬೇರೆಯೇ ರಾತ್ರಿಯೊಂದು ಕಾಣುತ್ತದೆ. ಗುಂಪು ಹಿಮದ ಉಂಡೆ, ಮಂಜುಗಡ್ಡೆ ಎಸೆಯುತ್ತಿತ್ತು. ಕೆಲವರ ಕೈಯಲ್ಲಿ ದೊಣ್ಣೆಗಳಿದ್ದವು. ಗುಂಡುಗಳು ಒಂದರ ಹಿಂದೊಂದು ಹಾರಿದವು. ಕ್ಯಾಪ್ಟನ್ ಅಪ್ಪಣೆ ಕೊಟ್ಟ ಎಂದು ಕೆಲವು ಸಾಕ್ಷಿಗಳು ಹೇಳಿದರೆ, ಕೊಡಲಿಲ್ಲ ಎಂದು ಉಳಿದವರು ಹೇಳುತ್ತಾರೆ. ಸೈನಿಕರ ಪರವಾಗಿ ವಾದಿಸಿದ ವಕೀಲ ಜಾನ್ ಆಡಮ್ಸ್, ಮುಂದೆ ಅಮೆರಿಕದ ಎರಡನೆಯ ಅಧ್ಯಕ್ಷನಾದವನು. ಕ್ಯಾಪ್ಟನ್ ಥಾಮಸ್ ಪ್ರೆಸ್ಟನ್ ಖುಲಾಸೆಯಾದ. ಎಂಟು ಸೈನಿಕರಲ್ಲಿ ಆರು ಮಂದಿ ಖುಲಾಸೆಯಾದರು. ನರಹತ್ಯೆಯ ಅಪರಾಧಿಗಳೆನಿಸಿದ ಇಬ್ಬರಿಗೆ ಹೆಬ್ಬೆರಳಿನ ಮೇಲೆ ಬರೆ ಹಾಕಿ ಬಿಟ್ಟರು.

ಆ ಚಿತ್ರ, ಸಾಕ್ಷಿಗಳ ಹೇಳಿಕೆ, ಆಡಮ್ಸ್‌ನ ಕಾಗದಪತ್ರ ಎಲ್ಲವೂ ಇಂದು ಇಂಟರ್ನೆಟ್ಟಿನಲ್ಲಿ ಪುಕ್ಕಟೆಯಾಗಿ ಸಿಗುತ್ತವೆ. ದಾವಣಗೆರೆಯಲ್ಲಿ ಬಿ.ಎ. ಓದುವ ಹುಡುಗ, ಡಲ್ಲಾಸಿನಲ್ಲಿ ನೆಲೆಸಿದ ಕನ್ನಡ ಕುಟುಂಬದ ಹುಡುಗಿ, ನಿವೃತ್ತರಾದ ಇತಿಹಾಸದ ಮೇಷ್ಟ್ರು, ಯಾರು ಬೇಕಾದರೂ ಇವನ್ನು ಅಕ್ಕಪಕ್ಕ ಇಟ್ಟುಕೊಂಡು ಓದಬಹುದು. ಅಮೆರಿಕದ ಆರಂಭಕಾಲದ ಇತಿಹಾಸವನ್ನು ಆನ್‌ಲೈನ್ ಕಾಲೇಜು ಕೋರ್ಸಿನಲ್ಲಿ ಕಲಿಯುವುದರ ದೊಡ್ಡ ಲಾಭ ಇದೇ ಎಂಬುದು ನನ್ನ ನಂಬಿಕೆ. ಉಪನ್ಯಾಸವನ್ನಷ್ಟೇ ಕೇಳಿ ಮುಗಿಸಿದವರಿಗೆ ಒಬ್ಬ ಪ್ರಾಧ್ಯಾಪಕರ ತೀರ್ಮಾನ ಗೊತ್ತಾಗುತ್ತದೆ. ದಾಖಲೆಯನ್ನೂ ಓದಿದವರಿಗೆ ಆ ತೀರ್ಮಾನ ಯಾವುದರ ಮೇಲೆ ನಿಂತಿದೆ, ಎಲ್ಲಿ ಅಲುಗಾಡುತ್ತದೆ ಎಂಬುದು ಗೊತ್ತಾಗುತ್ತದೆ.

ಕೋರ್ಸು ಎಂದರೆ ಏನು, ಯಾರಿಗೆ?

ಅಮೆರಿಕದ ಕಾಲೇಜುಗಳು ತಮ್ಮ ದೇಶದ ಚರಿತ್ರೆಯನ್ನು ಸಾಮಾನ್ಯವಾಗಿ ಎರಡು ಸೆಮಿಸ್ಟರುಗಳಿಗೆ ಹಂಚುತ್ತವೆ. ಮೊದಲ ಭಾಗ ಮೂಲನಿವಾಸಿಗಳ ಕಾಲದಿಂದ ಹೊರಟು 1865ಕ್ಕೋ 1877ಕ್ಕೋ ನಿಲ್ಲುತ್ತದೆ. 1865 ಅಂತರ್ಯುದ್ಧ ಮುಗಿದ ವರ್ಷ. ಯುದ್ಧದ ನಂತರ ದಕ್ಷಿಣದ ರಾಜ್ಯಗಳಲ್ಲಿ ಹೊಸ ವ್ಯವಸ್ಥೆ ಕಟ್ಟುವ ಪ್ರಯತ್ನ ಕೊನೆಗೊಂಡದ್ದು 1877ರಲ್ಲಿ. ವಿಶ್ವವಿದ್ಯಾಲಯಗಳ ಜೊತೆಗೆ ಕಮ್ಯುನಿಟಿ ಕಾಲೇಜುಗಳು ಕೂಡ ಇದನ್ನು ಆನ್‌ಲೈನಿನಲ್ಲಿ ಕಲಿಸುತ್ತವೆ. ಮೂರು ಕ್ರೆಡಿಟ್ಟಿನ ಇಂಥ ಕೋರ್ಸಿಗೆ ವಾರಕ್ಕೆ ಮೂರು ಗಂಟೆ ಪಾಠ, ಅದರ ಎರಡರಷ್ಟು ಸ್ವಂತ ಓದು ಎಂಬುದು ಅಲ್ಲಿನ ರೂಢಿಯ ಲೆಕ್ಕ. ಅದನ್ನೇ ಎಂಟು ವಾರಕ್ಕೆ ಇಳಿಸಿದ ಕೋರ್ಸು ತೆಗೆದುಕೊಂಡವರು ಓದಿನ ಹೊರೆ ಇಮ್ಮಡಿಯಾಗುತ್ತದೆಂದು ಮೊದಲೇ ತಿಳಿದಿರಬೇಕು.

ಟೆಕ್ಸಾಸ್ ರಾಜ್ಯದ ಸರ್ಕಾರಿ ಕಾಲೇಜುಗಳಲ್ಲಿ ಪದವಿ ಪಡೆಯಬೇಕಾದರೆ ಅಮೆರಿಕದ ಇತಿಹಾಸದಲ್ಲಿ ಆರು ಕ್ರೆಡಿಟ್ ಗಳಿಸಲೇಬೇಕೆಂಬ ಕಾನೂನಿದೆ. ಎಂಜಿನಿಯರಿಂಗ್ ಓದುವವರಿಗೂ ವಿನಾಯಿತಿಯಿಲ್ಲ. ಹಾಗಾಗಿ ಅಲ್ಲಿ ಬೆಳೆದ ನಮ್ಮವರ ಮಕ್ಕಳು ಇದನ್ನು ಓದಲೇಬೇಕು. ಹಲವರು ಬೇಸಿಗೆ ರಜೆಯಲ್ಲಿ ಆನ್‌ಲೈನಿನಲ್ಲಿ ಮುಗಿಸಿಬಿಡುತ್ತಾರೆ. ಅಮೆರಿಕದ ಪೌರತ್ವಕ್ಕೆ ಅರ್ಜಿ ಹಾಕಿದ ದೊಡ್ಡವರಿಗೂ ವಸಾಹತು ಕಾಲ ಮತ್ತು ಸ್ವಾತಂತ್ರ್ಯದ ಕುರಿತ ಪ್ರಶ್ನೆಗಳು ಎದುರಾಗುತ್ತವೆ. ಪ್ರಶ್ನೋತ್ತರ ಉರುಹೊಡೆದು ಪಾಸಾಗಬಹುದು, ನಿಜ. ಆದರೆ ಬದುಕು ಕಟ್ಟಿಕೊಳ್ಳುವ ದೇಶ ಹೇಗೆ ಹುಟ್ಟಿತೆಂದು ತಿಳಿಯಲು ಅಷ್ಟು ಸಾಲದು.

ಕ್ರೆಡಿಟ್ ಬೇಡ, ತಿಳಿವಳಿಕೆ ಸಾಕು ಎನ್ನುವವರಿಗೆ ಬಾಗಿಲು ಇನ್ನೂ ಅಗಲವಾಗಿ ತೆರೆದಿದೆ. 2007ರ ಡಿಸೆಂಬರಿನಲ್ಲಿ ಶುರುವಾದ ಓಪನ್ ಯೇಲ್ ಕೋರ್ಸಸ್‌ನಲ್ಲಿ ಪ್ರಾಧ್ಯಾಪಕಿ ಜೋಆನ್ ಫ್ರೀಮನ್ ಅವರ 'ಅಮೆರಿಕನ್ ಕ್ರಾಂತಿ' ಕೋರ್ಸಿದೆ. 2010ರಲ್ಲಿ ತರಗತಿಯಲ್ಲೇ ಚಿತ್ರೀಕರಿಸಿದ 25 ಉಪನ್ಯಾಸಗಳು. ಶುಲ್ಕವಿಲ್ಲ, ಹೆಸರು ನೋಂದಾಯಿಸುವ ಅಗತ್ಯವೂ ಇಲ್ಲ. ಪ್ರತಿ ಉಪನ್ಯಾಸದ ಅಕ್ಷರರೂಪ ಜೊತೆಗೇ ಸಿಗುತ್ತದೆ. ಇಂಗ್ಲಿಷ್ ಕೇಳಿ ಅರ್ಥಮಾಡಿಕೊಳ್ಳುವುದು ಕಷ್ಟವೆನಿಸುವ ನಮ್ಮ ಹಳ್ಳಿ ಕಡೆಯ ವಿದ್ಯಾರ್ಥಿಗಳಿಗೆ ಇದು ಬಹಳ ದೊಡ್ಡ ಅನುಕೂಲ. ಅಂತರ್ಯುದ್ಧದವರೆಗೆ ಮುಂದುವರಿಯಬೇಕೆನ್ನುವವರಿಗೆ ಅಲ್ಲಿಯೇ ಡೇವಿಡ್ ಬ್ಲೈಟ್ ಅವರ ಉಪನ್ಯಾಸಮಾಲೆ ಇದೆ. ಎಂಐಟಿ ಓಪನ್‌ಕೋರ್ಸ್‌ವೇರ್‌ನಲ್ಲಿ ಪಾಲೀನ್ ಮೈಯರ್ ಅವರ ಕೋರ್ಸಿನ ಪಠ್ಯಕ್ರಮ ಮತ್ತು ಓದಿನ ಪಟ್ಟಿ ಸಿಗುತ್ತದೆ. ಪಠ್ಯಪುಸ್ತಕಕ್ಕೂ ಹಣ ಕೊಡಬೇಕಿಲ್ಲ. ರೈಸ್ ವಿಶ್ವವಿದ್ಯಾಲಯದ ಓಪನ್‌ಸ್ಟಾಕ್ಸ್ ಪುಸ್ತಕ, ಹಲವಾರು ಇತಿಹಾಸಕಾರರು ಸೇರಿ ಬರೆದ 'ದಿ ಅಮೆರಿಕನ್ ಯಾಪ್' ಎರಡೂ ಉಚಿತ. ಎರಡನೆಯದರಲ್ಲಿ ಪ್ರತಿ ಅಧ್ಯಾಯಕ್ಕೂ ಮೂಲ ದಾಖಲೆಗಳ ಆಯ್ದ ಭಾಗಗಳನ್ನು ಜೋಡಿಸಿಟ್ಟಿದ್ದಾರೆ.

ಹದಿಮೂರು ವಸಾಹತುಗಳಿಗೂ ಮೊದಲು

ನಮ್ಮಲ್ಲಿ ಅಮೆರಿಕದ ಇತಿಹಾಸ ಓದಿದವರಿಗೆ ನೆನಪಿರುವುದು ಕೊಲಂಬಸ್, ಮೇಫ್ಲವರ್ ಹಡಗು, ಹದಿಮೂರು ವಸಾಹತು, ವಾಷಿಂಗ್ಟನ್. ಇಂದಿನ ಕೋರ್ಸುಗಳು ಅಲ್ಲಿಂದ ಶುರುವಾಗುವುದಿಲ್ಲ. ಇಂದಿನ ಸೇಂಟ್ ಲೂಯಿಸ್ ನಗರದ ಬಳಿ, ಮಿಸ್ಸಿಸ್ಸಿಪ್ಪಿ ನದಿಯ ಬಯಲಿನಲ್ಲಿ, ಸಾವಿರ ವರ್ಷದ ಹಿಂದೆ ಕಹೋಕಿಯಾ ಎಂಬ ನಗರವಿತ್ತು. ಅಲ್ಲಿ ಮಣ್ಣು ಹೊತ್ತು ಕಟ್ಟಿದ ದಿಬ್ಬಗಳು ಇಂದಿಗೂ ನಿಂತಿವೆ. ಹತ್ತು ಸಾವಿರಕ್ಕೂ ಹೆಚ್ಚು ಜನ ಅಲ್ಲಿ ವಾಸವಾಗಿದ್ದರೆಂಬುದು ವಿದ್ವಾಂಸರ ಅಂದಾಜು. ಸ್ಪೇನಿನವರು ಫ್ಲಾರಿಡಾದಲ್ಲಿ ಸೇಂಟ್ ಅಗಸ್ಟೀನ್ ಪಟ್ಟಣ ಕಟ್ಟಿದ್ದು 1565ರಲ್ಲಿ. ಇಂಗ್ಲಿಷರು ವರ್ಜೀನಿಯಾದ ಜೇಮ್ಸ್‌ಟೌನಿಗೆ ಬಂದಿಳಿದದ್ದು 1607ರಲ್ಲಿ, ನಾಲ್ಕು ದಶಕಗಳ ನಂತರ. 1680ರಲ್ಲಿ ಪ್ವೆಬ್ಲೊ ಜನ ಒಟ್ಟಾಗಿ ಎದ್ದು, ಸ್ಪ್ಯಾನಿಷರನ್ನು ನ್ಯೂ ಮೆಕ್ಸಿಕೊದಿಂದ ಹನ್ನೆರಡು ವರ್ಷ ಹೊರಗಿಟ್ಟರು. ಇವನ್ನೆಲ್ಲ ಓದಿಕೊಂಡು ಬಂದರೆ, ಖಾಲಿ ನೆಲಕ್ಕೆ ಬಂದ ಧೈರ್ಯಶಾಲಿಗಳ ಕಥೆಯಾಗಿ ಅಮೆರಿಕ ಉಳಿಯುವುದಿಲ್ಲ. ಜನ ತುಂಬಿದ ಖಂಡವೊಂದಕ್ಕಾಗಿ ಹಲವು ಸಾಮ್ರಾಜ್ಯಗಳು, ಹಲವು ರಾಷ್ಟ್ರಗಳು ನಡೆಸಿದ ಸುದೀರ್ಘ ಪೈಪೋಟಿಯಾಗಿ ಅದು ಕಾಣತೊಡಗುತ್ತದೆ.

ದಾಖಲೆಯನ್ನು ಎಚ್ಚರದಿಂದ ಓದಬೇಕೆಂಬ ಪಾಠವೂ ಈ ಅಧ್ಯಾಯದಲ್ಲೇ ಸಿಗುತ್ತದೆ. ಜೇಮ್ಸ್‌ಟೌನಿನ ಜಾನ್ ಸ್ಮಿತ್‌ನನ್ನು ಪವ್ಹಾಟನ್ ದೊರೆ ಕೊಲ್ಲಿಸಲು ಹೊರಟಾಗ, ಮಗಳು ಪೊಕಹಾಂಟಸ್ ಅಡ್ಡ ಬಂದು ಉಳಿಸಿದಳೆಂಬ ಕಥೆ ಜಗತ್ಪ್ರಸಿದ್ಧ. ತನ್ನ ಸೆರೆವಾಸದ ಬಗ್ಗೆ ಸ್ಮಿತ್ ಮೊದಲು ಬರೆದದ್ದು 1608ರಲ್ಲಿ ಅಚ್ಚಾಯಿತು. ಅದರಲ್ಲಿ ಈ ಪ್ರಸಂಗವೇ ಇಲ್ಲ. 1624ರಲ್ಲಿ ಪ್ರಕಟಿಸಿದ ದೊಡ್ಡ ಇತಿಹಾಸದಲ್ಲಿ ಅದನ್ನು ಸವಿಸ್ತಾರವಾಗಿ ಬರೆದ. ಅಷ್ಟರಲ್ಲಿ ಪೊಕಹಾಂಟಸ್ ಇಂಗ್ಲೆಂಡಿಗೆ ಹೋಗಿ ಹೆಸರಾಗಿ, 1617ರಲ್ಲಿ ಅಲ್ಲಿಯೇ ತೀರಿಕೊಂಡಿದ್ದಳು. ಸ್ಮಿತ್ ಸುಳ್ಳು ಹೇಳಿದನೇ, ಅಥವಾ ಆ ಜನರ ಯಾವುದೋ ಆಚರಣೆಯನ್ನು ಕೊಲೆಯ ಯತ್ನವೆಂದು ತಪ್ಪಾಗಿ ತಿಳಿದನೇ ಎಂಬ ಚರ್ಚೆ ಇನ್ನೂ ನಡೆದಿದೆ. ಒಬ್ಬನೇ ವ್ಯಕ್ತಿಯ ಎರಡು ಬರಹಗಳನ್ನು ಕಾಲಾನುಕ್ರಮದಲ್ಲಿ ಓದಿದ ವಿದ್ಯಾರ್ಥಿ ಆ ಚರ್ಚೆಯಲ್ಲಿ ತಾನೂ ಪಾಲುದಾರನಾಗುತ್ತಾನೆ.

ಕಾನೂನಿನಲ್ಲಿ ಬರೆದ ಗುಲಾಮಗಿರಿ

ಈ ಕೋರ್ಸಿನಲ್ಲಿ ನಿಧಾನವಾಗಿ, ಮನಸ್ಸಿಟ್ಟು ಓದಬೇಕಾದ ಭಾಗವೆಂದರೆ ಗುಲಾಮಗಿರಿ ಬೆಳೆದ ಬಗೆ. 1619ರ ಆಗಸ್ಟಿನಲ್ಲಿ ವರ್ಜೀನಿಯಾದ ಪಾಯಿಂಟ್ ಕಂಫರ್ಟ್ ಎಂಬಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಆಫ್ರಿಕನ್ನರನ್ನು ಹಡಗಿನಿಂದ ಇಳಿಸಿದರು. ಆದರೆ ಹುಟ್ಟಿನಿಂದ ಸಾವಿನವರೆಗೆ, ತಲೆಮಾರಿನಿಂದ ತಲೆಮಾರಿಗೆ ಹರಿಯುವ ಗುಲಾಮಗಿರಿಯ ಕಾನೂನು ಅಂದು ಅಲ್ಲಿ ಸಿದ್ಧವಾಗಿರಲಿಲ್ಲ. ಅದನ್ನು ಒಂದೊಂದೇ ಕಲಮಾಗಿ ಕಟ್ಟಿದರು.

ಎಲಿಜಬೆತ್ ಕೀ ಎಂಬ ಹೆಣ್ಣುಮಗಳ ಮೊಕದ್ದಮೆ ಇದಕ್ಕೆ ಕಣ್ಣು ತೆರೆಸುವ ನಿದರ್ಶನ. ತಾಯಿ ಆಫ್ರಿಕಾ ಮೂಲದವಳು, ತಂದೆ ಇಂಗ್ಲೆಂಡಿನವನು. ಇಂಗ್ಲೆಂಡಿನ ಕಾನೂನಿನಂತೆ ಮಗುವಿನ ಸ್ಥಾನಮಾನ ತಂದೆಯಿಂದ ಬರುತ್ತದೆ, ತನಗೆ ಕ್ರೈಸ್ತ ದೀಕ್ಷೆಯೂ ಆಗಿದೆ, ಆದ್ದರಿಂದ ತಾನು ಸ್ವತಂತ್ರಳೆಂದು ಅವಳ ಕಡೆಯವರು ವರ್ಜೀನಿಯಾದಲ್ಲಿ ವಾದಿಸಿದರು. 1656ರಲ್ಲಿ ಅವಳಿಗೆ ಬಿಡುಗಡೆ ಸಿಕ್ಕಿತು. ಆರು ವರ್ಷ ಕಳೆಯುವಷ್ಟರಲ್ಲಿ, 1662ರಲ್ಲಿ, ವರ್ಜೀನಿಯಾದ ಶಾಸನಸಭೆ ಹೊಸ ಕಾನೂನು ತಂದಿತು. ಇಂಗ್ಲಿಷ್ ಗಂಡಸಿಗೆ ಕಪ್ಪು ಹೆಣ್ಣಿನಲ್ಲಿ ಹುಟ್ಟಿದ ಮಗು ಗುಲಾಮನೋ ಸ್ವತಂತ್ರನೋ ಎಂಬ ಸಂದೇಹ ಎದ್ದಿದೆ ಎಂದು ಹೇಳಿಕೊಂಡೇ ಅದು ಶುರುವಾಗುತ್ತದೆ. ಇನ್ನು ಮುಂದೆ ಮಗುವಿನ ಸ್ಥಿತಿ ತಾಯಿಯ ಸ್ಥಿತಿಯಂತೆ ಎಂದು ತೀರ್ಮಾನಿಸುತ್ತದೆ. ಒಡೆಯ ತನ್ನ ತೋಟದ ಗುಲಾಮ ಹೆಣ್ಣಿನ ಮೇಲೆ ಎಸಗಿದ ಅತ್ಯಾಚಾರದಿಂದ ಅವನ ಆಸ್ತಿಯೇ ಬೆಳೆಯುವಂತಾಯಿತು. ಒಂದು ಪ್ಯಾರಾದಷ್ಟು ಉದ್ದದ ಈ ಕಾನೂನನ್ನು ಓದಿದವರಿಗೆ ಗುಲಾಮಗಿರಿ ಹೇಗೋ ನಡೆದುಬಂದ ಪದ್ಧತಿ ಎಂದು ಮುಂದೆಂದೂ ಅನ್ನಿಸುವುದಿಲ್ಲ. ಮನುಷ್ಯರು ಕೂತು, ಯೋಚಿಸಿ, ಮತ ಹಾಕಿ ಮಾಡಿದ ಕೆಲಸ ಅದು.

ಒಟ್ಟು ಚಿತ್ರ ಬೇಕೆನ್ನುವವರಿಗೆ 'ಸ್ಲೇವ್ ವಾಯೇಜಸ್' ದತ್ತಾಂಶಕೋಶವಿದೆ. ಅಟ್ಲಾಂಟಿಕ್ ದಾಟಿದ 36,000ಕ್ಕೂ ಹೆಚ್ಚು ಗುಲಾಮ ಹಡಗುಯಾನಗಳ ವಿವರ ಅದರಲ್ಲಿದೆ. ಆಫ್ರಿಕಾದಿಂದ ಹಡಗು ಹತ್ತಿಸಿದವರು ಸುಮಾರು 1.25 ಕೋಟಿ ಎಂದು ಅದು ಅಂದಾಜಿಸುತ್ತದೆ. ಆಚೆ ದಡದಲ್ಲಿ ಜೀವಂತ ಇಳಿದವರು ಸುಮಾರು 1.07 ಕೋಟಿ. ಅವರಲ್ಲಿ ನೇರವಾಗಿ ಉತ್ತರ ಅಮೆರಿಕದ ನೆಲಕ್ಕೆ ಬಂದವರು ನಾಲ್ಕು ಲಕ್ಷಕ್ಕಿಂತ ಕಡಿಮೆ. ಉಳಿದವರಲ್ಲಿ ಬಹುಪಾಲು ಜನರನ್ನು ಬ್ರೆಜಿಲ್ ಮತ್ತು ಕೆರಿಬಿಯನ್ ದ್ವೀಪಗಳಿಗೆ ಒಯ್ದರು.

ಆದರೆ ಅಂಕಿ ಒಬ್ಬೊಬ್ಬರ ಮುಖ ತೋರಿಸುವುದಿಲ್ಲ. ಅದಕ್ಕೆ ಓಡಿಹೋದವರನ್ನು ಹುಡುಕಿಕೊಡಿ ಎಂದು ಒಡೆಯರು ಪತ್ರಿಕೆಗಳಲ್ಲಿ ಹಾಕಿಸಿದ ಜಾಹೀರಾತುಗಳನ್ನು ಓದಬೇಕು. ಕಾರ್ನೆಲ್ ವಿಶ್ವವಿದ್ಯಾಲಯದ 'ಫ್ರೀಡಂ ಆನ್ ದಿ ಮೂವ್' ಇಂಥ ಸಾವಿರಾರು ಜಾಹೀರಾತುಗಳನ್ನು ಕಲೆಹಾಕಿದೆ. 1796ರ ಮೇ ತಿಂಗಳಲ್ಲಿ ಫಿಲಡೆಲ್ಫಿಯಾದಲ್ಲಿದ್ದ ಅಧ್ಯಕ್ಷ ವಾಷಿಂಗ್ಟನ್‌ರ ಮನೆಯಿಂದ ಓನಾ ಜಡ್ಜ್ ಎಂಬ ಯುವತಿ ತಪ್ಪಿಸಿಕೊಂಡಳು. ಮನೆಯ ಮೇಲ್ವಿಚಾರಕ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು ಹತ್ತು ಡಾಲರ್ ಬಹುಮಾನ ಘೋಷಿಸಿದ. ಅವಳ ಮುಖದ ಮಚ್ಚೆಗಳಿಂದ ಹಿಡಿದು ಬಟ್ಟೆಬರೆಯವರೆಗೆ ಎಲ್ಲವನ್ನೂ ವರ್ಣಿಸಿ, ಅವಳು ಹೊರಟುಹೋಗಲು ಯಾವ ಕಾರಣವೂ ಇರಲಿಲ್ಲ ಎಂದು ಸೇರಿಸಿದ. ನ್ಯೂ ಹ್ಯಾಂಪ್‌ಶೈರಿನಲ್ಲಿ ಬಡತನದಲ್ಲೇ ಬಾಳಿದ ಓನಾ, 1840ರ ದಶಕದಲ್ಲಿ ಮುದುಕಿಯಾಗಿದ್ದಾಗ ಪತ್ರಿಕೆಗಳಿಗೆ ತನ್ನ ಕಥೆ ಹೇಳಿದಳು. ವಾಷಿಂಗ್ಟನ್‌ರ ಪತ್ನಿ ತನ್ನ ಮೊಮ್ಮಗಳಿಗೆ ಅವಳನ್ನು ಕೊಟ್ಟುಬಿಡಲಿದ್ದರು. ವರ್ಜೀನಿಯಾಕ್ಕೆ ಮರಳಿದರೆ ಮತ್ತೆಂದೂ ಬಿಡುಗಡೆಯಿಲ್ಲವೆಂದು ಅವಳಿಗೆ ಗೊತ್ತಿತ್ತು. ಜಾಹೀರಾತು ಇಲ್ಲವೆಂದ ಕಾರಣವನ್ನು ಅವಳೇ ಹೇಳಿದ್ದಾಳೆ, ಅರ್ಧ ಶತಮಾನದ ನಂತರ. ಎರಡನ್ನೂ ಒಂದೇ ಸಂಜೆ ಓದಬಹುದು. ಓದಿ ಎದ್ದವರು, ಸ್ವಾತಂತ್ರ್ಯದ ನಾಯಕನೊಬ್ಬನ ಮನೆಯೊಳಗೆ ಸ್ವಾತಂತ್ರ್ಯಕ್ಕೆ ಇದ್ದ ಎಲ್ಲೆ ಯಾವುದೆಂದು ಬೇರೆ ಯಾರಿಂದಲೂ ಹೇಳಿಸಿಕೊಳ್ಳಬೇಕಿಲ್ಲ.

ಶ್ರೀರಂಗಪಟ್ಟಣಕ್ಕೂ ಯಾರ್ಕ್‌ಟೌನಿಗೂ

ಕನ್ನಡದ ಓದುಗರಿಗೆ ಈ ಕೋರ್ಸಿನಲ್ಲಿ ಪರಿಚಿತ ಹೆಸರುಗಳು ಎದುರಾಗುತ್ತವೆ. 1773ರ ಡಿಸೆಂಬರ್ 16ರಂದು ಬಾಸ್ಟನ್ನಿನ ಜನ ಮೂರು ಹಡಗು ಹತ್ತಿ 342 ಪೆಟ್ಟಿಗೆ ಚಹಾ ಸಮುದ್ರಕ್ಕೆ ಸುರಿದರು. ಆ ಚಹಾ ಚೀನಾದ್ದು, ಒಡೆತನ ಈಸ್ಟ್ ಇಂಡಿಯಾ ಕಂಪನಿಯದು. 1769ರಲ್ಲಿ ಹೈದರಾಲಿ ಮದ್ರಾಸಿನ ಹೆಬ್ಬಾಗಿಲಿನವರೆಗೆ ನುಗ್ಗಿದ ಸುದ್ದಿ ತಲುಪಿದಾಗ ಲಂಡನ್ನಿನಲ್ಲಿ ಕಂಪನಿಯ ಷೇರಿನ ಬೆಲೆ ಕುಸಿದಿತ್ತು. 1772ರ ಹಣಕಾಸಿನ ಬಿಕ್ಕಟ್ಟಿನಲ್ಲಿ ಅದು ದಿವಾಳಿಯ ಅಂಚಿಗೆ ಬಂತು. ಗೋದಾಮುಗಳಲ್ಲಿ ಚಹಾ ಕೊಳೆಯುತ್ತಿತ್ತು. ಕಂಪನಿಯನ್ನು ಉಳಿಸಲು ಬ್ರಿಟಿಷ್ ಪಾರ್ಲಿಮೆಂಟು 1773ರ ಚಹಾ ಕಾಯ್ದೆ ತಂದು, ಅದು ವಸಾಹತುಗಳಿಗೆ ನೇರವಾಗಿ ಚಹಾ ಮಾರಲು ಅನುಕೂಲ ಮಾಡಿಕೊಟ್ಟಿತು. ಇದರಿಂದ ಚಹಾ ಅಗ್ಗವಾಗುವುದಿತ್ತು! ಆದರೂ ಜನ ಸಿಟ್ಟಾದರು. ಪೌಂಡಿಗೆ ಮೂರು ಪೆನ್ಸಿನ ಹಳೆಯ ಸುಂಕ ಹಾಗೆಯೇ ಉಳಿದಿತ್ತು, ತಮ್ಮ ಪ್ರತಿನಿಧಿಗಳಿಲ್ಲದ ಪಾರ್ಲಿಮೆಂಟಿಗೆ ತಮ್ಮ ಮೇಲೆ ತೆರಿಗೆ ಹಾಕುವ ಹಕ್ಕಿಲ್ಲ ಎಂಬುದು ಅವರ ವಾದ. ವ್ಯಾಪಾರವೆಲ್ಲ ಒಂದು ಕಂಪನಿಯ ಕೈ ಸೇರುತ್ತದೆಂಬ ಭಯವೂ ಇತ್ತು.

ಆ ಭಯಕ್ಕೆ ಭಾರತದ ಅನುಭವವೇ ಆಧಾರ. ಜಾನ್ ಡಿಕಿನ್‌ಸನ್ ಎಂಬ ಪೆನ್ಸಿಲ್ವೇನಿಯಾದ ವಕೀಲ 'ರಸ್ಟಿಕಸ್' ಎಂಬ ಗುಪ್ತನಾಮದಲ್ಲಿ 1773ರ ನವೆಂಬರಿನಲ್ಲಿ ಬರೆದ ಪತ್ರದಲ್ಲಿ, ಬಂಗಾಳದ ಕ್ಷಾಮದಲ್ಲಿ ಜನ ಸಾಯುತ್ತಿದ್ದಾಗ ಕಂಪನಿ ನಡೆದುಕೊಂಡ ರೀತಿಯನ್ನು ನೆನಪಿಸಿ, ಅಲ್ಲಿ ಸುಲಿದವರು ಈಗ ಇಲ್ಲಿಗೆ ಕಣ್ಣು ಹಾಕಿದ್ದಾರೆ ಎಂದು ಎಚ್ಚರಿಸಿದ. ಬಂಗಾಳದ ಹಸಿವು ಫಿಲಡೆಲ್ಫಿಯಾದ ರಾಜಕೀಯ ವಾದವಾದದ್ದನ್ನು ಆ ಪತ್ರದಲ್ಲಿ ಕಂಡಾಗ, ಎರಡು ದೇಶಗಳ ಇತಿಹಾಸವನ್ನು ಬೇರೆ ಬೇರೆ ಪೆಟ್ಟಿಗೆಗಳಲ್ಲಿಟ್ಟು ಓದುತ್ತ ಬಂದದ್ದು ಎಷ್ಟು ಅಪೂರ್ಣವೆಂದು ತಿಳಿಯುತ್ತದೆ.

ಅಮೆರಿಕದ ಸ್ವಾತಂತ್ರ್ಯ ಯುದ್ಧ ಶುರುವಾದ ಮೇಲೆ ಹೈದರಾಲಿಯ ಹೆಸರು ಅಟ್ಲಾಂಟಿಕ್ ದಾಟಿತು. 1780ರಲ್ಲಿ ಪೊಲ್ಲಿಲೂರಿನಲ್ಲಿ ಮೈಸೂರಿನ ಸೇನೆ ಕಂಪನಿಯ ಪಡೆಯನ್ನು ನುಚ್ಚುನೂರು ಮಾಡಿತ್ತು. ಬ್ರಿಟಿಷರ ವೈರಿಯೆಂಬ ಅಭಿಮಾನದಿಂದ ಪೆನ್ಸಿಲ್ವೇನಿಯಾದ ಯುದ್ಧನೌಕೆಯೊಂದು 'ಹೈದರ್ ಅಲಿ' ಎಂಬ ಹೆಸರು ಹೊತ್ತಿತು. 1782ರ ಏಪ್ರಿಲ್ 8ರಂದು ಡೆಲವೇರ್ ಕೊಲ್ಲಿಯಲ್ಲಿ, ಜೋಶುವಾ ಬಾರ್ನಿಯ ನಾಯಕತ್ವದಲ್ಲಿ, ಅದು 'ಜನರಲ್ ಮಾಂಕ್' ಎಂಬ ಬ್ರಿಟಿಷ್ ನೌಕೆಯನ್ನು ಸೆರೆಹಿಡಿಯಿತು. ಕವಿ ಫಿಲಿಪ್ ಫ್ರೆನೊ ಆ ನೌಕೆಯನ್ನು ಕುರಿತು ಪದ್ಯ ಬರೆದ.

ಬ್ರಿಟಿಷ್ ಸೇನಾನಿ ಕಾರ್ನ್‌ವಾಲಿಸ್ ವಿಷಯ ಇನ್ನೂ ಹತ್ತಿರದ್ದು. 1781ರ ಅಕ್ಟೋಬರ್ 19ರಂದು ವರ್ಜೀನಿಯಾದ ಯಾರ್ಕ್‌ಟೌನಿನಲ್ಲಿ ಅವನ ಸೇನೆ ಶರಣಾಯಿತು. ತನಗೆ ಮೈ ಸರಿಯಿಲ್ಲವೆಂದು ಹೇಳಿ ಶರಣಾಗತಿಯ ಮೈದಾನಕ್ಕೆ ತನ್ನ ಕೆಳಗಿನ ಅಧಿಕಾರಿಯನ್ನು ಕಳಿಸಿದ. ಐದು ವರ್ಷದ ನಂತರ ಅವನೇ ಭಾರತದ ಗವರ್ನರ್ ಜನರಲ್. 1791ರ ಮಾರ್ಚಿನಲ್ಲಿ ಬೆಂಗಳೂರಿನ ಕೋಟೆ ಹಿಡಿದು, 1792ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ, ಟಿಪ್ಪುವಿನ ಅರ್ಧ ರಾಜ್ಯ ಕಿತ್ತುಕೊಂಡು ಇಬ್ಬರು ಗಂಡುಮಕ್ಕಳನ್ನು ಒತ್ತೆಯಾಳಾಗಿ ಒಯ್ದವನು ಅವನೇ. ಅಮೆರಿಕದ ಯುದ್ಧ ಮುಗಿದು ಬ್ರಿಟನ್ನೂ ಫ್ರಾನ್ಸೂ ರಾಜಿಯಾದ ಸುದ್ದಿ 1783ರಲ್ಲಿ ಭಾರತ ತಲುಪಿದಾಗ, ಮಂಗಳೂರಿನ ಕೋಟೆಯನ್ನು ಮುತ್ತಿದ್ದ ಟಿಪ್ಪುವಿನ ಜೊತೆಗಿದ್ದ ಫ್ರೆಂಚರು ಹಿಂದೆ ಸರಿದರು. ಮರುವರ್ಷದ ಮಂಗಳೂರು ಒಪ್ಪಂದಕ್ಕೆ ಇದೂ ಒಂದು ಹಿನ್ನೆಲೆ.

ಉಚಿತ ಉಪನ್ಯಾಸ ಕೊಡುವ ಯೇಲ್‌ನ ಹೆಸರಿನ ಹಿಂದೆಯೂ ದಕ್ಷಿಣ ಭಾರತವಿದೆ. ಎಲಿಹು ಯೇಲ್ ಮದ್ರಾಸಿನ ಸೇಂಟ್ ಜಾರ್ಜ್ ಕೋಟೆಯಲ್ಲಿ ಕಂಪನಿಯ ಗವರ್ನರ್ ಆಗಿದ್ದವನು. ಅಲ್ಲಿ ದೊಡ್ಡ ಸಂಪತ್ತು ಗಳಿಸಿ ಇಂಗ್ಲೆಂಡಿಗೆ ಮರಳಿದ. 1718ರಲ್ಲಿ ಅವನು ಕಳಿಸಿಕೊಟ್ಟ ಒಂಬತ್ತು ಮೂಟೆ ಸರಕು, 417 ಪುಸ್ತಕ, ದೊರೆ ಒಂದನೆಯ ಜಾರ್ಜ್‌ನ ಭಾವಚಿತ್ರಕ್ಕೆ ಪ್ರತಿಯಾಗಿ ಕಾಲೇಜು ಅವನ ಹೆಸರಿಟ್ಟುಕೊಂಡಿತು. ಯೇಲ್ ಸಂಸ್ಥೆಗೂ ಗುಲಾಮಗಿರಿಗೂ ಇದ್ದ ನಂಟನ್ನು ಡೇವಿಡ್ ಬ್ಲೈಟ್ 2024ರ ತಮ್ಮ ಪುಸ್ತಕದಲ್ಲಿ ಬಿಚ್ಚಿಟ್ಟಿದ್ದಾರೆ. ತನ್ನ ಬುಡವನ್ನೇ ಕೆದಕಿ ನೋಡುವ ಈ ಪ್ರಾಮಾಣಿಕತೆ ಎಲ್ಲ ವಿಶ್ವವಿದ್ಯಾಲಯಗಳಿಗೂ ಮಾದರಿ.

ಓದುವ ಕ್ರಮ

ಹಾಗಾದರೆ ಓದುವುದು ಹೇಗೆ? ಬಹುತೇಕರು ಮೊದಲು ವಿಡಿಯೊ ನೋಡುತ್ತಾರೆ, ಸಮಯ ಉಳಿದರೆ ಪುಸ್ತಕ ತೆರೆಯುತ್ತಾರೆ, ದಾಖಲೆಯನ್ನು ಕೊನೆಗೆ ಬಿಡುತ್ತಾರೆ. ಈ ಕ್ರಮವನ್ನು ತಿರುಗಿಸಿ. ಮೊದಲು ಆ ವಾರದ ಒಂದೇ ಒಂದು ದಾಖಲೆ ಓದಿ. ಬರೆದವರು ಯಾರು, ಯಾವಾಗ, ಯಾರು ಓದಲೆಂದು ಬರೆದರು, ಏನನ್ನು ಹೇಳದೆ ಬಿಟ್ಟರು ಎಂಬ ನಾಲ್ಕು ಪ್ರಶ್ನೆಗಳಿಗೆ ನಿಮ್ಮದೇ ಮಾತಿನಲ್ಲಿ, ಬೇಕಾದರೆ ಕನ್ನಡದಲ್ಲೇ, ಉತ್ತರ ಬರೆದಿಡಿ. ಆಮೇಲೆ ಪಠ್ಯಪುಸ್ತಕದ ಅಧ್ಯಾಯ, ಕೊನೆಯಲ್ಲಿ ಉಪನ್ಯಾಸ. ಆಗ ಪ್ರಾಧ್ಯಾಪಕರ ಮಾತು ನಿಮ್ಮ ಪ್ರಶ್ನೆಗೆ ಉತ್ತರವಾಗಿ ಬರುತ್ತದೆ, ಕೆಲವೊಮ್ಮೆ ನಿಮ್ಮ ಉತ್ತರಕ್ಕೆ ಎದುರುವಾದವಾಗಿಯೂ ಬರುತ್ತದೆ.

ದಾಖಲೆಗಳಿಗೆ ಹುಡುಕಾಡಬೇಕಿಲ್ಲ. ಅಮೆರಿಕದ ನ್ಯಾಷನಲ್ ಆರ್ಕೈವ್ಸ್ 2013ರಲ್ಲಿ ಆರಂಭಿಸಿದ 'ಫೌಂಡರ್ಸ್ ಆನ್‌ಲೈನ್' ತಾಣದಲ್ಲಿ ವಾಷಿಂಗ್ಟನ್, ಫ್ರಾಂಕ್ಲಿನ್, ಆಡಮ್ಸ್, ಜೆಫರ್‌ಸನ್, ಹ್ಯಾಮಿಲ್ಟನ್, ಮ್ಯಾಡಿಸನ್ ಮೊದಲಾದವರ 1,80,000ಕ್ಕೂ ಹೆಚ್ಚು ಪತ್ರ, ಬರಹಗಳು ಅಡಿಟಿಪ್ಪಣಿ ಸಮೇತ ಇವೆ. ಕಾನೂನು, ಒಪ್ಪಂದಗಳಿಗೆ ಯೇಲ್ ಕಾನೂನು ಶಾಲೆಯ 'ಅವಲಾನ್ ಪ್ರಾಜೆಕ್ಟ್' ಇದೆ. ದೊಡ್ಡವರ ಪತ್ರ ಸಾಕೆನಿಸಿದಾಗ 'ಡುಹಿಸ್ಟರಿ' ತಾಣಕ್ಕೆ ಹೋಗಿ. ಮೇಯ್ನ್ ಪ್ರಾಂತ್ಯದ ಸೂಲಗಿತ್ತಿ ಮಾರ್ಥಾ ಬಲ್ಲಾರ್ಡ್ 1785ರಿಂದ 1812ರವರೆಗೆ ಬರೆದ ದಿನಚರಿಯ ಪುಟಗಳು ಅವಳ ಕೈಬರಹದಲ್ಲೇ ಇವೆ. ಯಾರ ಮನೆಯಲ್ಲಿ ಹೆರಿಗೆ, ಯಾವ ನದಿ ಹೆಪ್ಪುಗಟ್ಟಿತು, ಎಷ್ಟು ಬಟ್ಟೆ ನೇಯ್ದದ್ದು ಎಂಬ ಚುಟುಕು ಸಾಲುಗಳು. ಇವನ್ನು 'ಬರೀ ಮನೆವಾರ್ತೆ' ಎಂದು ಇತಿಹಾಸಕಾರರು ಪಕ್ಕಕ್ಕಿಟ್ಟಿದ್ದರು. ಲಾರೆಲ್ ಥ್ಯಾಚರ್ ಉಲ್ರಿಕ್ ಆ ಸಾಲುಗಳಿಂದಲೇ ಇಡೀ ಊರಿನ ಬದುಕನ್ನು ಮತ್ತೆ ಕಟ್ಟಿ, ಆ ಪುಸ್ತಕಕ್ಕೆ 1991ರಲ್ಲಿ ಪುಲಿಟ್ಜರ್ ಪ್ರಶಸ್ತಿ ಪಡೆದರು.

ಹೊಸಬರಿಗೆ ಎರಡು ತೊಡಕು ಎದುರಾಗುತ್ತವೆ. ಹಳೆಯ ಮುದ್ರಣದಲ್ಲಿ ಇಂಗ್ಲಿಷಿನ ಎಸ್ ಅಕ್ಷರ ಎಷ್ಟೋ ಕಡೆ ಎಫ್‌ನಂತೆ ಕಾಣುತ್ತದೆ. ನಾಲ್ಕೈದು ಪುಟ ಓದುವಷ್ಟರಲ್ಲಿ ಕಣ್ಣು ಒಗ್ಗಿಕೊಳ್ಳುತ್ತದೆ. ಇನ್ನೊಂದು ದಿನಾಂಕದ್ದು. ಇಂಗ್ಲೆಂಡೂ ಅದರ ವಸಾಹತುಗಳೂ 1752ರವರೆಗೆ ಹಳೆಯ ಜೂಲಿಯನ್ ಪಂಚಾಂಗ ಅನುಸರಿಸುತ್ತಿದ್ದವು, ಹೊಸ ವರ್ಷ ಮಾರ್ಚ್ 25ಕ್ಕೆ ಶುರುವಾಗುತ್ತಿತ್ತು. ಹೀಗಾಗಿ ಜನವರಿ, ಫೆಬ್ರುವರಿಯ ಕಾಗದಗಳಲ್ಲಿ 1691/92 ಎಂದು ಎರಡು ವರ್ಷ ಒಟ್ಟಿಗೆ ಬರೆದಿರುತ್ತಾರೆ. ವಾಷಿಂಗ್ಟನ್ ಹುಟ್ಟಿದ ದಿನ ಹಳೆಯ ಲೆಕ್ಕದಲ್ಲಿ 1731ರ ಫೆಬ್ರುವರಿ 11, ಹೊಸ ಲೆಕ್ಕದಲ್ಲಿ 1732ರ ಫೆಬ್ರುವರಿ 22.

ಉಚಿತ ಕೋರ್ಸಿನ ಕೊರತೆಯನ್ನೂ ಹೇಳಬೇಕು. ನೀವು ಬರೆದದ್ದನ್ನು ತಿದ್ದುವವರು ಅಲ್ಲಿ ಇರುವುದಿಲ್ಲ, ಕೇಳುವವರಿಲ್ಲದ್ದರಿಂದ ಅರ್ಧಕ್ಕೆ ಬಿಡುವವರೇ ಹೆಚ್ಚು. ಮೂರ್ನಾಲ್ಕು ಜನ ಸೇರಿ ಓದುವುದು ಇದಕ್ಕೆ ಒಳ್ಳೆಯ ಪರಿಹಾರ. ಒಬ್ಬರು ಒಡೆಯನ ಜಾಹೀರಾತು, ಇನ್ನೊಬ್ಬರು ಓನಾ ಜಡ್ಜಳ ಮಾತು ಓದಿಕೊಂಡು ಬಂದು ವಾರಕ್ಕೊಮ್ಮೆ ವಾದಿಸಿದರೆ ಅದೇ ತರಗತಿ. ಶುಲ್ಕ ಕೊಟ್ಟು ಕ್ರೆಡಿಟ್ಟಿಗೆ ಓದುವವರಿಗೆ ಒಂದು ಮನವಿ: ಚರ್ಚೆಯ ಬರಹ, ಪ್ರಬಂಧಗಳನ್ನು ಎಐ ಕೈಯಲ್ಲಿ ಬರೆಸಬೇಡಿ. ಎರಡು ಸಾಕ್ಷ್ಯಗಳ ನಡುವೆ ಯಾವುದನ್ನು ನಂಬಬೇಕೆಂದು ತೂಗಿ ನೋಡುವ ಶ್ರಮವೇ ಈ ಕೋರ್ಸಿನ ಸಾರ. ಅದನ್ನು ಬೇರೆಯವರಿಗೆ ಒಪ್ಪಿಸಿದರೆ ಕೈಯಲ್ಲಿ ಅಂಕ ಮಾತ್ರ ಉಳಿಯುತ್ತದೆ.

ಕೋರ್ಸು ಮುಗಿಸಿದವರು ಇನ್ನೊಂದು ಹೆಜ್ಜೆ ಇಡಬಹುದು. ಕ್ರಾಂತಿಯ ಯುದ್ಧದಲ್ಲಿ ಕಾದಾಡಿದ ಸೈನಿಕರು ಮತ್ತು ಅವರ ವಿಧವೆಯರು ಪಿಂಚಣಿ ಕೇಳಿ ಸಲ್ಲಿಸಿದ 80 ಸಾವಿರಕ್ಕೂ ಹೆಚ್ಚು ಕಡತಗಳು ನ್ಯಾಷನಲ್ ಆರ್ಕೈವ್ಸ್‌ನಲ್ಲಿವೆ. 1832ರ ಪಿಂಚಣಿ ಕಾನೂನಿನಡಿ, ಕಾಗದಪತ್ರವಿಲ್ಲದ ಮುದುಕರು ನ್ಯಾಯಾಲಯದ ಮುಂದೆ ನೆನಪಿನಿಂದಲೇ ತಮ್ಮ ಯುದ್ಧದ ಕಥೆ ಹೇಳಿದರು. ಆ ಕೈಬರಹವನ್ನು ಓದಿ ಅಕ್ಷರರೂಪಕ್ಕಿಳಿಸುವ ಕೆಲಸಕ್ಕೆ ಸ್ವಯಂಸೇವಕರು ಬೇಕಾಗಿದ್ದಾರೆ. ಕಲಿಯುವವರೇ ಮುಂದಿನವರ ಕಲಿಕೆಗೆ ನೆರವಾಗುವ ಅವಕಾಶವಿದು.

ಮೊದಲ ವಾರಕ್ಕೆ ಒಂದು ಕಾಗದ

2026ರ ಜುಲೈ 4ಕ್ಕೆ ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ 250 ವರ್ಷ. ಮಹಾಪುರುಷರು ಕಟ್ಟಿದ ದೇಶ ಎಂಬ ಕಥೆ ಒಂದು ಕಡೆ, ಗುಲಾಮರ ಬೆನ್ನ ಮೇಲೆ ಕಟ್ಟಿದ ದೇಶ ಎಂಬ ಕಥೆ ಇನ್ನೊಂದು ಕಡೆ ಜೋರಾಗಿ ಕೇಳಿಸುತ್ತಿವೆ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳುವ ಆತುರ ಬೇಡ. ಆರಂಭಕ್ಕೆ ಜೆಫರ್‌ಸನ್ ಬರೆದ ಘೋಷಣೆಯ ಕರಡನ್ನೇ ತೆಗೆದುಕೊಳ್ಳಿ. ಜೀವಮಾನದಲ್ಲಿ 600ಕ್ಕೂ ಹೆಚ್ಚು ಗುಲಾಮರ ಒಡೆಯನಾಗಿದ್ದ ಅವನು, ಗುಲಾಮರ ವ್ಯಾಪಾರಕ್ಕೆ ಬ್ರಿಟನ್ನಿನ ದೊರೆಯನ್ನು ಹೊಣೆ ಮಾಡಿ ಉದ್ದನೆಯ ಪ್ಯಾರಾವೊಂದನ್ನು ಬರೆದಿದ್ದ. ವಸಾಹತುಗಳ ಪ್ರತಿನಿಧಿಗಳ ಸಭೆಯಾದ ಕಾಂಗ್ರೆಸ್ ಅದನ್ನು ಹೊಡೆದುಹಾಕಿತು. ದಕ್ಷಿಣ ಕೆರೊಲಿನಾ ಮತ್ತು ಜಾರ್ಜಿಯಾದ ಒತ್ತಡ ಅದಕ್ಕೆ ಕಾರಣವೆಂದು, ಉತ್ತರದವರೂ ಆ ವಿಷಯದಲ್ಲಿ ಮುಜುಗರಪಟ್ಟರೆಂದು ಅವನೇ ತನ್ನ ಟಿಪ್ಪಣಿಯಲ್ಲಿ ಬರೆದಿದ್ದಾನೆ. ಘೋಷಣೆ ಅವನೊಬ್ಬನ ಪ್ರತಿಭೆಯ ಕೂಸೂ ಅಲ್ಲ. 1776ರ ಏಪ್ರಿಲಿನಿಂದ ಜುಲೈವರೆಗೆ ಊರುಗಳು, ಕೌಂಟಿಗಳು, ವಸಾಹತುಗಳು ಹೊರಡಿಸಿದ ಸುಮಾರು 90 ಸ್ಥಳೀಯ ಘೋಷಣೆಗಳನ್ನು ಪಾಲೀನ್ ಮೈಯರ್ 1997ರ 'ಅಮೆರಿಕನ್ ಸ್ಕ್ರಿಪ್ಚರ್' ಪುಸ್ತಕದಲ್ಲಿ ಗುರುತಿಸಿದ್ದಾರೆ.

ಕರಡನ್ನೂ ಅಂತಿಮ ಪಾಠವನ್ನೂ ಅಕ್ಕಪಕ್ಕ ಇಟ್ಟು, ಬಿಟ್ಟುಹೋದ ಸಾಲುಗಳ ಕೆಳಗೆ ಗೆರೆ ಎಳೆಯಿರಿ. ಎಲ್ಲರೂ ಸಮಾನರೆಂಬ ಮಾತು ಉಳಿಯಿತು, ಗುಲಾಮರ ವ್ಯಾಪಾರದ ಮಾತು ಹೋಯಿತು. ಉಳಿದ ಮಾತನ್ನು ಹಿಡಿದುಕೊಂಡು ಮುಂದಿನ ತಲೆಮಾರಿನ ಕಪ್ಪು ಜನರೂ ಹೆಂಗಸರೂ ತಮ್ಮ ಹಕ್ಕು ಕೇಳಿದರು. ಹೋದ ಮಾತಿನ ಬೆಲೆಯನ್ನು ದೇಶ ಅಂತರ್ಯುದ್ಧದಲ್ಲಿ ತೆತ್ತಿತು. ಮಹತ್ವಾಕಾಂಕ್ಷೆ, ಹೇಡಿತನ ಎರಡೂ ಆ ಒಂದೇ ಕಾಗದದಲ್ಲಿವೆ. ಗೆರೆ ಎಳೆದು ಮುಗಿಸಿದ ಮೇಲೆ ಮೊದಲ ಉಪನ್ಯಾಸ ಕೇಳಲು ಕೂರಿ.